ಮೊದಲು ನೀರು, ಆಮೇಲೆ ಉಪ್ಪು

ಅತ್ತಿ,

ನಮಸ್ಕಾರ ಆಮೇಲೆ ಮಾಡುತ್ತೇನೆ, ಮೊದಲು ನೀವು ಬೈದುಬಿಡಿ. ನೀವು ಕಟ್ಟಿದ ಉಪ್ಪಿನಕಾಯಿ ಕಾರ್ಖಾನೆಯ ಗೇಟಿಗೆ ನಾನೇ ಬೀಗ ಹಾಕಿ ಇವತ್ತಿಗೆ ಆರನೆಯ ದಿನ. ಅದೂ ಲಿಂಬೆಯ ಸುಗ್ಗಿಯಲ್ಲಿ! ಈಗ ಪಕ್ಕದ ತೋಟದ ಮಾಬೂಬಿಯ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಒಲೆಯ ಮೇಲೆ ಅವರ ಬಾವಿಯ ನೀರಿನಲ್ಲಿ ತೊಗರಿಬೇಳೆ ಇಟ್ಟಿದ್ದೇವೆ. ಅದು ಬೆಂದರೆ ಗೇಟು ತೆಗೆಯುತ್ತೇನೆ, ಬೇಯದಿದ್ದರೆ ಇಲ್ಲ. ಸೊಸೆಗೆ ತಲೆ ಕೆಟ್ಟಿದೆ ಅಂದುಕೊಂಡಿರಾ? ಪೂರ್ತಿ ಕೇಳಿ, ಆಮೇಲೆ ಹೇಳಿ.

ನಾನು ಮದುವೆಯಾಗಿ ಇಂಡಿಗೆ ಬಂದ ಹೊಸತರಲ್ಲಿ ನನ್ನನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದಿರಲ್ಲ, ನೆನಪಿದೆಯಾ? ಅದೇನು ಕಾರ್ಖಾನೆ, ಎರಡು ತಗಡಿನ ಶೆಡ್ಡು, ಹಿಂದೆ ಉಪ್ಪುನೀರು ಬಿಡುವ ಒಂದು ಹೊಂಡ. ಬೆಳಿಗ್ಗೆ ಬೆಳಿಗ್ಗೆಯೇ ಮಾಬೂಬಿಯ ಅತ್ತೆ ತಮ್ಮ ಬಾವಿಯಿಂದ ಒಂದು ತಂಬಿಗೆ ನೀರು ತಂದುಕೊಟ್ಟಳು. ನೀವು ನಿಂತಲ್ಲೇ ಗಟಗಟ ಕುಡಿದಿರಿ. ನಾನು ಅಷ್ಟರಲ್ಲಿ ಭರಣಿಗೆ ಕೈ ಹಾಕಿ ಒಂದು ಹೋಳು ಬಾಯಿಗಿಟ್ಟುಕೊಳ್ಳುವವಳಿದ್ದೆ, ನೀವು ಕೈಮೇಲೆ ಫಟ್ ಅಂತ ಹೊಡೆದಿರಿ. "ಏ ಗಿರಿಜಾ, ಮೊದಲ ನೀರು, ಆಮ್ಯಾಲ ಉಪ್ಪು! ನಮ್ಮ ಹೊಂಡದ ಬಾಜೂಕ ಅವ್ರ ಬಾವಿ ಐತಿ. ಅವ್ರು ಕುಡಿಯೂ ನೀರು ನಾವೂ ದಿನಾ ಕುಡೀಬೇಕು." ಕೊನೆಯ ಮಾತನ್ನು ಎದೆಗೆ ಹಚ್ಚಿಕೊಂಡೆ ಅತ್ತಿ. ಮೊದಲ ಮಾತು ಮಾತ್ರ ನಿಮ್ಮ ಇಂಗಳೇಶ್ವರದ ತವರಿನ ಮಡಿಯೇನೋ ಅಂದುಕೊಂಡು ಬಿಟ್ಟುಬಿಟ್ಟೆ.

ನೀವು ಹೋದಮೇಲೆ ಕಾರ್ಖಾನೆಗೆ ಬಂದ ಒಂದು ದಿನವೂ ಆ ತಂಬಿಗೆ ತಪ್ಪಿಸಿಲ್ಲ. ಕಾರ್ಖಾನೆ ದೊಡ್ಡದಾಯಿತು, ನಲವತ್ತು ಹೆಣ್ಣುಮಕ್ಕಳು ಕೆಲಸಕ್ಕೆ ಬಂದರು, ನೋಡಲು ಜನ ಬರತೊಡಗಿದರು. ಪಕ್ಕದ ಬಾವಿಯ ನೀರು ಕುಡಿಯುವ ಮಾಲೀಕಳು ಅಂತ ನನ್ನ ಫೋಟೊ ತೆಗೆದುಕೊಂಡರು. ನನಗೆ ಅದು ಹಿಡಿಸಿತು. ಸುಳ್ಳು ಯಾಕೆ ಹೇಳಲಿ, ಬಹಳ ಹಿಡಿಸಿತು. ಬಂದವರೆಲ್ಲ ಮಧ್ಯಾಹ್ನ ಬರುತ್ತಾರೆಂದು ತಂಬಿಗೆಯನ್ನೂ ಮಧ್ಯಾಹ್ನಕ್ಕೆ ಸರಿಸಿದೆ. ಅಷ್ಟೊತ್ತಿಗೆ ಬೆಳಗಿನಿಂದ ಹತ್ತು ಭರಣಿಯ ರಸ ನೆಕ್ಕಿ ನೋಡಿರುತ್ತಿದ್ದೆ. ಹಾಗೆ ಉಪ್ಪುಂಡ ನಾಲಿಗೆಗೆ ನೀರಿನ ರುಚಿ ಏನು ಗೊತ್ತಾಗುತ್ತದೆ? ನಿಮಗೆ ಗೊತ್ತಿತ್ತು. ನನಗೆ ಇಷ್ಟು ವರ್ಷ ಹೊಳೆಯಲಿಲ್ಲ.

ಹೋದ ವಾರ ಜ್ವರ ಬಂದು ನಾಲ್ಕು ದಿನ ಬರೀ ಸಪ್ಪೆ ಗಂಜಿ ಕುಡಿದು ಮಲಗಿದ್ದೆ. ಐದನೆಯ ದಿನ ಕಾರ್ಖಾನೆಗೆ ಹೋದವಳಿಗೆ ಬಾಯಾರಿತ್ತು, ಏನೂ ರುಚಿ ನೋಡುವ ಮೊದಲೇ ಮಾಬೂಬಿಯಿಂದ ತಂಬಿಗೆ ತರಿಸಿ ಬಾಯಿಗಿಟ್ಟೆ. ಥೂ! ಉಗುಳಿಬಿಟ್ಟೆ ಅತ್ತಿ. ಜ್ವರದ ಬಾಯಿ ಇರಬೇಕು ಅಂದುಕೊಂಡು ಮತ್ತೆ ಒಂದು ಗುಟುಕು ಕುಡಿದೆ. ಉಪ್ಪುಪ್ಪು, ಸವುಳು ನೀರು.

ಹಾಗೇ ಎದ್ದು ಮಾಬೂಬಿಯ ಮನೆಗೆ ನಡೆದೆ. ಅವಳು ಒಲೆಯ ಮುಂದೆ ಕೂತು ಬೇಳೆ ತಿರುವುತ್ತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಎದ್ದಳು. "ಬರ್ರಿ ಅಕ್ಕಾರ, ಕೂಡ್ರಿ. ಮುಂಜಾನಿಂದ ಕುದಿಸಾಕತ್ತೇನಿ, ಈ ಬ್ಯಾಳಿ ಬೇಯಾಕ ಒಲ್ದು ನೋಡ್ರಿ."

"ನೀರು ಯಾವಾಗಿಂದ ಹಿಂಗಾಗೇತಿ ಮಾಬೂಬಿ?"

ಅವಳು ಸೆರಗಿನ ತುದಿ ತಿರುಚುತ್ತಾ ನಿಂತಳು. "ಹೋದ ಬ್ಯಾಸಗಿಂದ್ರಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಹೆಂಗ ಹೇಳೂದ್ರಿ? ನೀವು ದಿನಾ ಅದ ನೀರು ಕುಡೀತಿದ್ರಿ. ಅಕ್ಕಾರ ಕುಡ್ದು ಸುಮ್ನದಾರ ಅಂದ್ರ ನಮ್ಮ ಬಾಯೀನ ಕೆಟ್ಟಿರಬೇಕು ಅಂದ್ಕೊಂಡ್ವಿ."

ನಾನು ಕುಡಿದೆನೆಂದು ಅವರೂ ಕುಡಿದರು, ಅತ್ತಿ. ಒಂದು ವರ್ಷ. ಒಂದು ತಂಬಿಗೆ ಕುಡಿದು ನಾನು ಬಿಸ್ಲೇರಿ ಬಾಟಲಿ ತೆಗೆಯುತ್ತಿದ್ದೆ, ಅವರಿಗೆ ಬೇರೆ ನೀರು ಎಲ್ಲಿತ್ತು? ಬಾವಿಯ ಸುತ್ತಲಿನ ಲಿಂಬೆ ಗಿಡಗಳ ಎಲೆಯ ಅಂಚು ಸುಟ್ಟಂತಾಗಿದೆ. ಅವಳ ಗಂಡ ಮೌಲಾಸಾಬನಿಗೆ ಬಿಪಿಯ ಗುಳಿಗೆ ಒಂದಿದ್ದದ್ದು ಎರಡಾಗಿದೆ. ಅದಕ್ಕೂ ನಮ್ಮ ಉಪ್ಪಿಗೂ ಸಂಬಂಧ ಇದೆಯೋ ಇಲ್ಲವೋ, ನಾನು ಡಾಕ್ಟರ್ ಅಲ್ಲ. ಆದರೆ ಇದ್ದರೆ...

ನೀವಿದ್ದಾಗ ವರ್ಷಕ್ಕೊಮ್ಮೆ ಹೊಂಡಕ್ಕೆ ನೀವೇ ಸೀರೆ ಎತ್ತಿಕಟ್ಟಿ ಇಳಿದು, ಉಪ್ಪುನೀರು ಮಣ್ಣಿಗೆ ಇಂಗದಂತೆ ಹಾಸಿದ ತಾಡಪತ್ರಿ ಮುಟ್ಟಿ ನೋಡುತ್ತಿದ್ದಿರಿ. ನಾನು ಇಳಿದು ಎಷ್ಟು ವರ್ಷವಾಯಿತೋ! ಈಗ ಹೊಂಡ ಖಾಲಿ ಮಾಡಿಸಿದಾಗ ತಳದಲ್ಲಿ ಅದು ಮೊಳದುದ್ದ ಹರಿದಿತ್ತು. ಮ್ಯಾನೇಜರ್ ಗುರುಪಾದ ಬಗ್ಗಿ ನೋಡಿ ಹಣೆ ಒರೆಸಿಕೊಂಡ. "ಅಕ್ಕಾರ, ಹೊಸಾದು ಹಾಸಿಬಿಡೂಣು. ಸುಗ್ಗಿ ಮುಗೀಲಿ, ಆಮ್ಯಾಲ ಬಾವೀದು ನೋಡೂಣಂತ. ಯಾರಿಗೂ ಗೊತ್ತಿಲ್ಲ." ಗುರುಪಾದ ಕೆಟ್ಟವನಲ್ಲ, ನಿಮಗೇ ಗೊತ್ತು. ಒಂದು ಗಳಿಗೆ ನನ್ನ ನಾಲಿಗೆಯೂ ಹೂಂ ಅನ್ನುವುದಕ್ಕೆ ಹೊರಟಿತ್ತು. ಆಮೇಲೆ ಮಾಬೂಬಿ ಸೆರಗು ತಿರುಚಿದ್ದು ಕಣ್ಣಿಗೆ ಬಂತು, ಬೀಗ ತರಲು ಹೇಳಿದೆ. ಅವರಿಗೆ ಕುಡಿಯಲು ಟ್ಯಾಂಕರ್ ನೀರು ತರಿಸುತ್ತಿದ್ದೇನೆ. ಹೊಸ ನೀರು ಊರಲೆಂದು ಬಾವಿಯ ನೀರನ್ನು ದಿನಾ ಮೇಲೆತ್ತಿಸಿ ದೂರ ಸಾಗಿಸುತ್ತಿದ್ದೇನೆ. ಹೆಣ್ಣುಮಕ್ಕಳ ಕೂಲಿ ನಿಲ್ಲಿಸಿಲ್ಲ, ಎಷ್ಟು ದಿನ ಹೀಗೆ ನಡೆಸಬಲ್ಲೆನೋ ಗೊತ್ತಿಲ್ಲ.

ಬಾವಿ ಸರಿಹೋಯಿತೆಂದು ಹೇಳುವವರು ಯಾರು? ನನ್ನ ನಾಲಿಗೆಯನ್ನು ನಾನೇ ನಂಬಲಾರೆ. ನೀನೇ ದಿನಾ ಕುಡಿದು ಹೇಳು ಅಂತ ಮಾಬೂಬಿಗೆ ಒಪ್ಪಿಸಿದೆ. ಎರಡು ದಿನ ಉಪ್ಪೈತ್ರಿ ಅಂದಳು. ಮೂರನೆಯ ದಿನ ಬಾಯಿಗಿಟ್ಟವಳೇ, "ಸೀ ಆಗೇತ್ರಿ ಅಕ್ಕಾರ, ಗೇಟ್ ತಗೀರಿ" ಅಂದಳು. ನನ್ನ ಮುಖ ನೋಡದೆ ಅಂದಳು. ಅವಳ ಸೊಸೆಯೂ ನಮ್ಮಲ್ಲೇ ಕೆಲಸಕ್ಕೆ ಬರುತ್ತಾಳಲ್ಲ. ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲವಲ್ಲ, ನಾನು ಅದೇ ನೀರಲ್ಲಿ ಬೇಳೆ ಇಡು ಅಂದೆ. ಮಧ್ಯಾಹ್ನದವರೆಗೂ ಕಾಳು ಕಾಳಾಗಿಯೇ ಉಳಿಯಿತು. ಇಬ್ಬರೂ ನಕ್ಕುಬಿಟ್ಟೆವು, ಆಮೇಲೆ ಅವಳು ಅತ್ತಳು. ಅವತ್ತಿನಿಂದ ಬೇಳೆಯ ಮಾತೇ ಮಾತು. ಬೇಳೆಗೆ ಯಾರ ಮುಲಾಜೂ ಇಲ್ಲ.

ನಾಳಿದ್ದು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ನನ್ನ ಭಾಷಣ. ಪ್ರಾಮಾಣಿಕವಾಗಿ ಉದ್ಯಮ ನಡೆಸುವುದು ಹೇಗೆ, ಮುಂದಿನವರಿಗೆ ಏನು ಬಿಟ್ಟುಹೋಗಬೇಕು ಅಂತ ಹುಡುಗರಿಗೆ ಹೇಳಬೇಕಂತೆ. ಆ ತಂಬಿಗೆಯನ್ನೂ ತನ್ನಿ ಅಂದಿದ್ದಾರೆ. ಹೋಗುತ್ತೇನೆ, ಒಯ್ಯುತ್ತೇನೆ. ಈ ಕಾಗದದಲ್ಲಿ ನಿಮಗೆ ಹೇಳಿದ್ದನ್ನೇ ಅಲ್ಲಿ ನಿಂತು ಹೇಳಬೇಕು. ಹೇಳಬಲ್ಲೆನಾ ಅತ್ತಿ? ನೀವು ಕಟ್ಟಿದ ಹೆಸರು ನನ್ನ ಬಾಯಿಂದಲೇ ಹೋಗುತ್ತದಲ್ಲಾ ಅಂತ ಹೆದರಿಕೆ. ಹೇಳದಿದ್ದರೆ ಉಳಿಯುವುದು ಯಾವ ಹೆಸರು ಅಂತಲೂ ಅನಿಸುತ್ತದೆ. ನೀವಿದ್ದಿದ್ದರೆ ಕೈಮೇಲೆ ಒಂದು ಹೊಡೆದು ತೀರ್ಮಾನ ಮಾಡಿಬಿಡುತ್ತಿದ್ದಿರಿ.

ಇರಿ, ಮಾಬೂಬಿ ಒಳಗಿನಿಂದ ಕರೆಯುತ್ತಿದ್ದಾಳೆ. "ಅಕ್ಕಾರ, ಬರ್ರಿ, ನೀವ ಒಂದು ಕಾಳು ಹಿಚುಕಿ ನೋಡ್ರಿ."

ಹೋಗಿ ನೋಡಿ ಬಂದೆ. ಎರಡು ಬೆರಳ ನಡುವೆ ಇಟ್ಟು ಒತ್ತಿದೆ. ಇನ್ನೂ ಗಟ್ಟಿಯಾಗಿದೆ ಅತ್ತಿ. ನಾಳೆ ಮತ್ತೆ ಇಡುತ್ತೇವೆ.

ನಿಮ್ಮ ಸೊಸೆ
ಗಿರಿಜಾ