ಮಾಗ್ನಾರನ ಮೆಟ್ಟಿಲ ಮೇಲಿನ ಬಿಸಿಲು

ಸ್ಕಾರ್ವೋಗ್
ಮಾರ್ಚ್ ೧೭

ಮುದ್ದು ಇಂಗುನ್,

ಹೇಗಿದ್ದೀಯೆ ಮಗಳೇ? ಹಡಗಿನ ಊಟ ಒಗ್ಗಿತೇ? ಸೊಂಟನೋವು ಕಡಿಮೆಯಾಯಿತೇ? ನಾನು ಗಟ್ಟಿಯಾಗಿದ್ದೇನೆ. ಕುರಿಗಳು ಮುಂದಿನ ತಿಂಗಳು ಮರಿ ಹಾಕುತ್ತವೆ.

ಏಳುನೂರು ಜನರ ನಮ್ಮ ಪಂಚಾಯಿತಿಯವರು ಊರಿನ ಪರಿಚಯದ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿದ್ದಾರೆ. ಹೊಸಬರು ಬಂದು ನೆಲೆಸಲಿ, ಶಾಲೆ ಉಳಿಯಲಿ ಎಂಬ ಆಸೆ. ಅದನ್ನು ಬರೆಯಲು ಬಂದಿರುವ ಸುನ್ನಿವಾ ಎಂಬ ಹುಡುಗಿಗೆ ಎಲ್ಲದರಲ್ಲೂ ಕುತೂಹಲ. ಫೆಬ್ರವರಿ ಮೊದಲಲ್ಲಿ ನಮ್ಮ ಅಡುಗೆಮನೆಗೆ ಬಂದು, ಚಳಿಗಾಲವಿಡೀ ಬೆಟ್ಟದ ಹಿಂದೆ ಅಡಗಿರುವ ಸೂರ್ಯ ಊರಿಗೆ ಮರಳುವುದು ಯಾವತ್ತು ಎಂದು ಕೇಳಿದಳು. ಅದೇ ತಿಂಗಳ ಹನ್ನೊಂದನೇ ತಾರೀಕು, ಮೊದಲು ನಮ್ಮ ಮೆಟ್ಟಿಲಿಗೆ ಎಂದೆ. ಪಕ್ಕದ ಮನೆಯ ಮಾಗ್ನಾರ್ ಹತ್ತನೇ ತಾರೀಕು, ತನ್ನ ಮೆಟ್ಟಿಲಿಗೆ ಎಂದಿದ್ದನಂತೆ. ಇದೇ ಮಾತಿಗೆ ನಿನ್ನ ಅಪ್ಪ ಅಸ್ಲಾಕ್ ಅವನೊಡನೆ ಜಗಳವಾಡಿ ಮಾತು ಬಿಟ್ಟದ್ದು, ನೀನಿನ್ನೂ ತೊಟ್ಟಿಲಲ್ಲಿದ್ದಾಗ. ಅಪ್ಪ ತೀರಿಕೊಂಡ ಮೇಲೂ ಈ ನಾಲ್ಕು ವರ್ಷ ನಾನು ಆ ಹಠವನ್ನು ಸಾಕಿಕೊಂಡು ಬಂದೆ. ಆದರೆ ಸುನ್ನಿವಾ ಹೋಗಿ ನೋಡಿಯೇ ಬಿಡೋಣವೆಂದಾಗ ನನಗೂ ತಡೆಯಲಾಗಲಿಲ್ಲ.

ಹತ್ತನೇ ತಾರೀಕು ಮಧ್ಯಾಹ್ನ ಅವನ ಅಂಗಳದಲ್ಲಿ ನಿಂತೆವು. "ದಾರಿ ಸಿಕ್ತಾ ಹೆರ್ಡಿಸ್? ಮೂವತ್ತು ವರ್ಷ ಬೇಕಾಯ್ತಲ್ಲ," ಎಂದ ಮಾಗ್ನಾರ್. ಅಲ್ಲಿಂದ ನಮ್ಮ ಮನೆ ಎಷ್ಟು ಚಿಕ್ಕದಾಗಿ, ಬೆಟ್ಟಗಳ ನಡುವೆ ಒಳನುಗ್ಗಿದ ಫ್ಯೋರ್ಡಿನ ಕಡಲನೀರಿಗೆ ಎಷ್ಟು ಹತ್ತಿರ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ಅದನ್ನೇ ನೋಡುತ್ತಿದ್ದೆ. ಹನ್ನೆರಡೂ ಇಪ್ಪತ್ತಕ್ಕೆ ಬೆಟ್ಟದ ಸಂದಿಯಿಂದ ಬಿಸಿಲಿನ ಎಳೆಯೊಂದು ಅವನ ಮೆಟ್ಟಿಲ ಮೇಲೆ ಬಿತ್ತು. ಅಂಗೈಯಗಲ, ಒಂದೆರಡು ನಿಮಿಷ, ಅಷ್ಟೇ. ನಮ್ಮ ಮೆಟ್ಟಿಲು ಇನ್ನೂ ನೆರಳಲ್ಲಿತ್ತು. ನಾನೇ ಬಂದು ನಿನ್ನ ಅಪ್ಪನನ್ನು ಸೋಲಿಸಿದ ಹಾಗಾಯಿತು.

ಮಾಗ್ನಾರ್ ನನ್ನ ಮುಖ ನೋಡಿದ. ಆಮೇಲೆ ಸುನ್ನಿವಾಳಿಗೆ ಹೇಳಿದ: "ಹನ್ನೊಂದು ಅಂತ್ಲೇ ಬರ್ಕೋ ತಾಯಿ. ವಾದ ಮಾಡೋಕೆ ಅಸ್ಲಾಕೇ ಇಲ್ಲ. ಗೆದ್ದು ಏನ್ ಮಾಡ್ಲಿ ನಾನು?"

"ಹತ್ತು ಅಂತ ಬರಿ," ಎಂದೆ. "ನಾನೇ ಕಣ್ಣಾರೆ ನೋಡಿದೀನಿ."

ಪುಸ್ತಕದಲ್ಲಿ ಹಾಗೆಯೇ ಅಚ್ಚಾಗುತ್ತದೆ. ನಿನಗೂ ಒಂದು ಪ್ರತಿ ಎತ್ತಿಡುತ್ತೇನೆ.

ಉಣ್ಣೆಯ ಕಾಲುಚೀಲ ಬಿಡಬೇಡ. ಕಡಲು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ನಿನ್ನ ಅಮ್ಮ,
ಹೆರ್ಡಿಸ್

ಅಂಚೆಯ ದೋಣಿ ಬಂದೇಬಿಟ್ಟಿತು, ಅವಸರದಲ್ಲಿ ಇದೊಂದು ಮಾತು: ಅವತ್ತು ಮಾಗ್ನಾರ್ ಕಾಫಿಗೆಂದು ಒಳಗೆ ಕರೆದ. ಸಂಜೆಯವರೆಗೆ ಕೂತೆ. ಆಮೇಲೆ ದಿನಾ ಹೋಗುತ್ತಿದ್ದೇನೆ. ಜೂನ್ ತಿಂಗಳಲ್ಲಿ ಪಂಚಾಯಿತಿ ಕಚೇರಿಯಲ್ಲಿ ನಮ್ಮಿಬ್ಬರ ಮದುವೆ. ಊರವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು. ಬೈಯುವುದಿದ್ದರೆ ಬಂದೇ ಬೈ.