ಹೊಶಿಕುರ ಕೋಟೆಯಲ್ಲಿ ಆಡಿದ ಮಾತು

ಕ್ರಿ.ಶ. ೨೪೧೭, ಆಷಾಢ, ನಾಲ್ಕನೇ ದಿನ.

ಕನ್ನಡ ನಾಡಿನಲ್ಲೇ ಉಳಿದ ಹಿರಿಯರೇ, ನನ್ನ ಕನ್ನಡ ಬರಹ ನಿಮಗೆ ಸೊಟ್ಟಗೆ ಕಂಡೀತು, ಮನ್ನಿಸಿ. ಐದು ತಿಂಗಳು ಕಲಿಯುವಷ್ಟರಲ್ಲಿ ಶಾಲೆ ಸುಟ್ಟುಹೋಯಿತು. ಒತ್ತಕ್ಷರ ತಪ್ಪಿತೋ ಏನೋ ಎಂದು ಈಗಲೂ ಎರಡೆರಡು ಸಲ ಓದಿ ನೋಡುತ್ತೇನೆ. ನಾವಿರುವುದು ಜಪಾನಿನಲ್ಲಿ. ಉಪ್ಪೇರು ಬಂದಾಗ, ಅಂದರೆ ಕಡಲು ಊರುಗಳನ್ನು ನುಂಗಿದಾಗ, ನಮ್ಮ ಮುತ್ತಜ್ಜಂದಿರು ಹಡಗು ಹತ್ತಿ ಬಂದರಂತೆ.

ನಿನ್ನೆ ಹನ್ನೊಂದು ಜನ ಹೊಶಿಕುರ ಬೆಟ್ಟದ ಹಾಳುಕೋಟೆ ನೋಡಲು ಹೋದೆವು. ಒಂಬೈನೂರು ವರ್ಷದ್ದು. ಗೋಡೆಯಿಲ್ಲ, ಗೋಪುರವಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟ, ಅದರ ಬೆನ್ನಿಗೆ ಅಡ್ಡಲಾಗಿ ಕೊಯ್ದ ಆಳದ ಕಂದಕಗಳು. “ಬರೀ ಮಣ್ಣು ನೋಡಾಕ ಇಷ್ಟು ಹತ್ತಿಸಿದ್ಯಲ್ಲ, ಸಂಕೀ!” ಎಂದು ಅಣ್ಣ ಮಾಳಿಂಗ ನಕ್ಕ. ಕಂದಕದಂಚಿನಲ್ಲಿ ಮುಷ್ಟಿಗಾತ್ರದ ಹೊಳೆಗಲ್ಲುಗಳ ರಾಶಿಯಿತ್ತು, ಹತ್ತಿ ಬರುವವರ ತಲೆ ಒಡೆಯಲು ಅಂದಿನವರು ಹೊತ್ತು ತಂದದ್ದು.

ಈಗ ಅಲ್ಲಿ ಬೆಟ್ಟದವರ, ಅಂದರೆ ಈ ನೆಲದ ಜಪಾನಿಯರ ವಾಸ. ಒಕಿನೆ ಎಂಬ ಅಜ್ಜಿ ಬಾರ್ಲಿ ಚಹ ಕೊಟ್ಟಳು. ಎಲ್ಲರ ಕಿವಿಯಲ್ಲೂ ಮಾತುಗಿಳಿ ಇತ್ತು. ಒಬ್ಬರ ಭಾಷೆಯನ್ನು ಇನ್ನೊಬ್ಬರದಕ್ಕೆ ತಿರುಗಿಸುವ, ಕಡಲೆಕಾಳಿನಷ್ಟು ಯಂತ್ರ. ಹೊರಡುವಾಗ ಅಣ್ಣ ಕೈಮುಗಿದು, “ಹೋಗಿ ಬರ್ತೀವಿ, ಅಜ್ಜಿ” ಎಂದ. ನಾವು ಇನ್ನೇನು ಅಂತೀವಿ? ಬರೀ ‘ಹೋಗ್ತೀವಿ’ ಅಂದರೆ ಸಾವಿನ ಮಾತು. ಆ ಹಾಳು ಗಿಳಿ ಹೇಗೆ ತಿರುಗಿಸಿತೋ, ಅಜ್ಜಿ ಚೀರಿದಳು: “ಮತ್ತ ಬರ್ತಾರಂತ! ನನ್ನ ಮಕ್ಕಳನ್ನ ಕಡಿದವರೂ ಹಿಂಗ ಅಂದು ಹೋಗಿದ್ರು!”

ಬೆಟ್ಟದವರು ರಾಶಿಗೆ ಕೈಹಾಕಿದರು. ಮೊದಲ ಕಲ್ಲಿಗೆ ಅಣ್ಣನ ದವಡೆ ಒಡೆಯಿತು, ಎರಡನೆಯದಕ್ಕೆ ಹಣೆ. ಕಂದಕಕ್ಕೆ ಉರುಳಿದವನ ಮೇಲೂ ಬೀಳುತ್ತಲೇ ಇದ್ದವು, ಕಾಯಿ ಒಡೆದ ಸದ್ದು. ನಾಲ್ವರು ಸತ್ತರು. ಕಂದಕಕ್ಕೆ ಜಾರಿದ ನಾನು ಅಣ್ಣನ ಹೆಣದಡಿ ಮಲಗಿ ಉಳಿದೆ.

ಇಲ್ಲೀಗ ನಮ್ಮೂರವರು ಮಚ್ಚು ಮಸೆಯುತ್ತಿದ್ದಾರೆ. ಗಿಳಿ ತಿರುಗಿಸಿದ ಮಾತು ತಪ್ಪಾಯಿತೆಂದು ನಾನಂದರೆ ಕೇಳುವವರಿಲ್ಲ. “ನಿಮ್ಮಣ್ಣನ ರಕ್ತ ನೀರಾತೇನವಾ ನಿನಗ?” ಎಂದು ಅತ್ತಿಗೆ ಮುಖಕ್ಕೇ ಉಗಿದಳು. ನಾಳೆ ಮಧ್ಯಾಹ್ನ ಬೆಟ್ಟಕ್ಕೆ ಬೆಂಕಿಯಿಡುತ್ತಾರೆ. ಮೇಲೆ ಮೂವತ್ತು ಮಕ್ಕಳಿವೆ.

ಅದಕ್ಕೇ ಬೆಳಗಾಗುತ್ತಲೇ ನಾನೊಬ್ಬಳೇ ಹತ್ತುತ್ತೇನೆ. ಗಿಳಿ ಕಿತ್ತಿಟ್ಟು, ಕಂದಕದಾಚೆಯಿಂದಲೇ ‘ಇತ್ತೆ ಕಿಮಸು’ ಎಂದು ಕೂಗುತ್ತೇನೆ. ಅವರ ಭಾಷೆಯಲ್ಲೂ ಅದು ‘ಹೋಗಿ ಬರ್ತೀನಿ’ಯೇ, ಆಕೆಯ ಮಕ್ಕಳೂ ಹೊಸ್ತಿಲು ದಾಟುವಾಗ ಅಂದಿರಬೇಕು. ಅರ್ಥವಾದರೆ, ಬೆಂಕಿ ಬರುವುದನ್ನು ಕೈಸನ್ನೆಯಲ್ಲಿ ತೋರಿಸುತ್ತೇನೆ, ಮಕ್ಕಳನ್ನು ಇಳಿಸಿಕೊಂಡು ಓಡಿಯಾಳು. ಅರ್ಥವಾಗುವ ಮೊದಲೇ ಕಲ್ಲು ಬಂದರೆ?

ಹಿರಿಯರೇ, ಮಕ್ಕಳಿಗೆ ಈ ಮಾತು ಕಲಿಸುವಾಗ, ಕೇಳುವವರ ಮುಖ ನೋಡಿ ಆಡುವುದನ್ನೂ ಕಲಿಸಿ. ರಾಶಿಯಲ್ಲಿ ಕಲ್ಲು ಇನ್ನೂ ಬಹಳ ಉಳಿದಿವೆ.

ಹೋಗ್ತೀನಿ. ಉಳಿದರ್ಧ ನೀವು ಅನ್ನಿ.

ನಿಮ್ಮ ಸಂಕವ್ವ