ಹೊರಗಿದ್ದ ಕ್ಯಾನನ್ನು ಒಳಗಿಡಿಸಿದವರಿಗೆ

ಅಲ್ಲ ಮಾನ್ಯರೇ, ‘ವಾಹನದ ಮಾಲೀಕರ ಸ್ವಂತ ನಿರ್ಲಕ್ಷ್ಯದಿಂದ’ ಬೆಂಕಿ ಹತ್ತಿತು ಎಂದು ನೋಟಿಸಿನಲ್ಲಿ ಬರೆದಿದ್ದೀರಲ್ಲ, ಅದು ಅರ್ಧ ಸತ್ಯ. ಉಳಿದರ್ಧ ನೀವೇ. ವಾಹನ ತಪಾಸಣೆಯ ಅಧಿಕಾರಿಗಳಾದ ತಾವು ಮೀಟಿಂಗಿಗೆ ಹೋಗಿದ್ದೀರಂತೆ. ಹಾಗಾಗಿ ನಿಮ್ಮ ಖಾಲಿ ಕುರ್ಚಿಗೇ ಉತ್ತರ ಹೇಳುತ್ತಿದ್ದೇನೆ. ನಿಮ್ಮ ಕಚೇರಿಯ ಬೆಂಚಿನಲ್ಲಿ ಕೂತು ಬರೆದ ಈ ಪತ್ರದ ಒಂದು ಪ್ರತಿ ನಿಮಗೆ, ಉಳಿದದ್ದು ಊರಿಗೆ. ನಾನು ಓದಿದ್ದು ಹತ್ತನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವ ಅಭ್ಯಾಸ ತಮಗೂ ಸ್ವಲ್ಪ ಆಗಲಿ.

ನಾನು ಮತ್ತು ಗೆಳೆಯ ಜಿತೇಂದ್ರ ಉಪ್ಪುಂದದ ಕಡಲ ಬದಿಯಲ್ಲಿ ಒಂದು ಹಳೇ ಜಿಪ್ಸಿ ಜೀಪು ಇಟ್ಟುಕೊಂಡವರು. ಆರ್‌ಸಿ ಅವನ ಹೆಸರಿನಲ್ಲಿದೆ. ಮಳೆಗಾಲದಲ್ಲಿ ನಾಡದೋಣಿ ದಡಕ್ಕೆ ಬಂದ ಕೂಡಲೇ ಹಗ್ಗ ಕಟ್ಟಿ ಮರಳಿನ ಮೇಲೆ ಎಳೆದು ಹಾಕುವುದು ನಮ್ಮ ಕೆಲಸ. ಒದ್ದೆ ಮರಳಿನಲ್ಲಿ ನಾಲ್ಕೂ ಚಕ್ರ ತಿರುಗಿಸಿ ಎಳೆಯುವಾಗ ಜಿಪ್ಸಿ ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತದೆ. ಬಂಕ್ ಇರುವುದು ಹೈವೇಯಲ್ಲಿ. ನಡುವೆ ಪೆಟ್ರೋಲ್ ಮುಗಿದರೆ ಗಾಡಿ ಅಲೆಯ ಬಾಯಲ್ಲೇ ನಿಲ್ಲುತ್ತದೆ. ಉಬ್ಬರದ ನೀರು ಮೀಟಿಂಗಿಗೆ ಹೋಗುವುದಿಲ್ಲ ಮಾನ್ಯರೇ, ಅದು ಹೊತ್ತಿಗೆ ಸರಿಯಾಗಿ ಬರುತ್ತದೆ. ಅದಕ್ಕೇ ಗಾಡಿಯ ಹಿಂಬಾಗಿಲ ಹೊರಗೆ, ಸ್ಟೆಪ್ನಿಯ ಪಕ್ಕ, ಕಬ್ಬಿಣದ ಚೌಕಟ್ಟು ಬೆಸುಗೆ ಹಾಕಿಸಿ ಇಪ್ಪತ್ತು ಲೀಟರಿನ ಸ್ಟೀಲ್ ಕ್ಯಾನು ಕಟ್ಟಿಕೊಂಡದ್ದು.

ಅದರ ಪಾಠ ಹೇಳಿಕೊಟ್ಟವರು ದೋಣಿಯ ಯಜಮಾನರಾದ ಅಣ್ಣಯ್ಯ. ಮೊದಲ ದಿನ ಬಂಕಿನಲ್ಲಿ ನಾನು ಕ್ಯಾನನ್ನು ಗಾಡಿಯ ಮೇಲೇ ಇಟ್ಟು ನಳಿಗೆ ಹಿಡಿಸಿದ್ದೆ. ಅವರು ಬೊಬ್ಬೆ ಹೊಡೆದರು: “ಹ್ವಾಯ್, ನೆಲಕ್ಕ್ ಇಟ್ಟ್ ಹಾಕ್ಸ್ ಮಾರಾಯ! ಮೇಲ್ ಇಟ್ಟ್ರೆ ಕಿಡಿ ಹಾರತ್ತ್. ಬಾಯಿ ತನಕ ತುಂಬ್ಸ್‌ಬೇಡ, ನಾಲ್ಕ್ ಬೆರಳ್ ಬಿಡ್. ಬಿಸಿಲಿಗ್ ಅದೂ ಉಬ್ಬತ್ತ್, ಅದ್ಕೂ ಜಾಗ ಬೇಕ್.” ಆಮೇಲೆ ಮುಚ್ಚಳದ ರಬ್ಬರು ನೋಡುವುದು, ನೆಟ್ಟಗೆ ನಿಲ್ಲಿಸಿ ಪಟ್ಟಿ ಬಿಗಿಯುವುದು, ಎಂಜಿನ್ ಆರಿಸಿ ತಣಿದ ಮೇಲೇ ಸುರಿಯುವುದು, ಎಲ್ಲ ಕಲಿತೆ. ಎರಡು ಮಳೆಗಾಲ ಹೋಯಿತು, ಒಂದು ಹನಿ ಸೋರಲಿಲ್ಲ.

ಹೆಮ್ಮಾಡಿಯಲ್ಲಿ ನೀವು ಕೈ ಅಡ್ಡ ಹಾಕಿದ ದಿನ ಗಾಡಿ ಬಿಡುತ್ತಿದ್ದವ ನಾನು. ನಿಮಗೆ ಮರೆತಿರಬಹುದು, ನಾನು ನೆನಪಿಸುತ್ತೇನೆ.

“ಏನಿದು, ಬಾಂಬ್ ಕಟ್ಕೊಂಡು ತಿರುಗ್ತಿದ್ದೀಯಾ?”

“ಅಲ್ಲ ಸರ್, ಸ್ಪೇರ್ ಪೆಟ್ರೋಲ್. ಸ್ಟೀಲ್ ಕ್ಯಾನ್, ಬಿಗಿಯಾಯ್ ಕಟ್ಟಿತ್. ಸೋರುದಿಲ್ಲೆ.”

“ಹೀಗೆ ಎಲ್ಲರಿಗೂ ಕಾಣೋ ಹಾಗೆ ಕಟ್ಟಿದ್ರೆ ನಾನು ಹಿಡೀಲೇಬೇಕಲ್ಲಪ್ಪ. ಒಳಗೆ ಸೀಟಿನ ಕೆಳಗೆ ಇಟ್ಕೊ, ಯಾರು ಕೇಳ್ತಾರೆ?”

ಕ್ಯಾನು ಬಿಚ್ಚಿಸಿದಿರಿ. ರಶೀದಿ ಕೇಳಿದ್ದಕ್ಕೆ “ರಶೀದಿ ಬೇಕಂದ್ರೆ ಗಾಡೀನೂ ಬಿಟ್ಟು ಹೋಗು” ಎಂದಿರಿ. ಎಂಥ ಚಂದದ ಕಾನೂನು! ಪೆಟ್ರೋಲ್ ಅಪಾಯವೋ, ಪೆಟ್ರೋಲ್ ಕಾಣುವುದು ಅಪಾಯವೋ? ಹೊರಗೆ ಗಾಳಿಯಲ್ಲಿದ್ದರೆ ಅಪರಾಧ, ಮನುಷ್ಯರು ಕೂತ ಸೀಟಿನ ಕೆಳಗಿದ್ದರೆ ಸುರಕ್ಷಿತ ಎಂದು ಯಾವ ತರಬೇತಿಯಲ್ಲಿ ಹೇಳಿಕೊಟ್ಟರು?

ನಿಮ್ಮ ಮಾತನ್ನು ಜಿತೇಂದ್ರನಿಗೆ ತಲುಪಿಸಿದವ ನಾನೇ. ಅವನು ಬಲೆಯ ಹರಕು ಕಟ್ಟುತ್ತಿದ್ದ. ಕೇಳಿ ಜೋರಾಗಿ ನಕ್ಕ. “ಸರ್ಕಾರವೇ ಒಳಗ್ ಇಡ್ ಅಂದ್ರೆ ಒಳಗೇ ಇಡ್ವ ಮಾರಾಯ. ನಮ್ಗೆಂತ!” ನಾನೂ ನಕ್ಕೆ. ಬೇರೆ ಸ್ಟೀಲ್ ಕ್ಯಾನು ಇರಲಿಲ್ಲ. ದೋಣಿಯ ಎಂಜಿನ್ನಿನ ಕೆಂಪು ಪ್ಲಾಸ್ಟಿಕ್ ಟ್ಯಾಂಕು ಒಂದು ಹೆಚ್ಚಿಗೆ ಇತ್ತು. ಅದನ್ನೇ ತುಂಬಿಸಿ ಸೀಟಿನ ಕೆಳಗೆ ನೂಕಿದೆವು.

ಕಡಲಿನವರಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಆ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಹೋಗುವುದಕ್ಕೆ ಒಂದು ಸಣ್ಣ ತಿರುಪು ಇರುತ್ತದೆ. ದೋಣಿಯಲ್ಲಿ ಅದನ್ನು ಬಿಚ್ಚದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಇಳಿಯುವುದಿಲ್ಲ, ನಡುಕಡಲಿನಲ್ಲಿ ನಿಂತುಬಿಡುತ್ತದೆ. ಹನ್ನೆರಡು ವರ್ಷದಿಂದ ಜಿತೇಂದ್ರನ ಕೈ ಮಾಡಿದ್ದು ಅದನ್ನೇ: ಟ್ಯಾಂಕು ಇಡು, ತಿರುಪು ಬಿಚ್ಚು. ತಲೆಗೆ ಹೇಳದೆ ಕೈಯೇ ಮಾಡುವ ಕೆಲಸ. ಮೂರನೇ ದಿನ ಬೆಳಿಗ್ಗೆ ಜಿಪ್ಸಿಯಲ್ಲಿಯೂ ಆ ಕೈ ಅದನ್ನೇ ಮಾಡಿತು. ದೋಣಿಯಲ್ಲಾದರೆ ವಾಸನೆಯನ್ನು ಕಡಲ ಗಾಳಿ ಹೊತ್ತೊಯ್ಯುತ್ತಿತ್ತು. ಇಲ್ಲಿ ಮಳೆ, ಗಾಜು ಏರಿಸಿ ಮುಚ್ಚಿತ್ತು, ಆವಿ ಒಳಗೇ ತುಂಬಿತು. ದಡ ಮುಟ್ಟಿ ಗಾಡಿ ಆರಿಸಿ, ದೋಣಿ ಬರುವುದನ್ನು ಕಾದು, ಮತ್ತೆ ಕೀಲಿ ತಿರುಗಿಸಿದ. ದಡದಲ್ಲಿ ಹಗ್ಗ ಹಿಡಿದು ನಿಂತಿದ್ದ ನನಗೆ ಕಂಡದ್ದು ಗಾಜಿನೊಳಗೆ ಒಮ್ಮೆಲೇ ಹಳದಿ ಬೆಳಕು, ಆಮೇಲೆ ಬಾಗಿಲಿನ ಹಿಡಿಕೆ ಹುಡುಕುವ ಅವನ ಎರಡು ಕೈ.

ಹೌದು, ತಿರುಪು ಬಿಚ್ಚಿದ್ದು ಅವನ ತಪ್ಪು. ಪ್ಲಾಸ್ಟಿಕ್ ಟ್ಯಾಂಕು ತುಂಬಿಸಿದ್ದು ನಮ್ಮಿಬ್ಬರ ತಪ್ಪು. ನಗುತ್ತ ನಿಮ್ಮ ಮಾತು ಹೇಳಿದ್ದು ನನ್ನ ತಪ್ಪು, ಅದನ್ನು ನಾನು ಸಾಯುವ ತನಕ ಹೊರುತ್ತೇನೆ. ತಮ್ಮ ಪಾಲು ಎಲ್ಲಿ ಮಾನ್ಯರೇ?

ಜಿತೇಂದ್ರನ ಹೆಂಡತಿ ಶರಣ್ಯಾ ಬೈಂದೂರಿನಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾಳೆ. ಆಸ್ಪತ್ರೆಯ ವರಾಂಡದಲ್ಲಿ ಕಾನೂನಿನ ಪುಸ್ತಕ ತೆರೆದು ನನಗೆ ಓದಿ ಹೇಳಿದಳು. ಮಾರುವುದಕ್ಕಲ್ಲದಿದ್ದರೆ ಮೂವತ್ತು ಲೀಟರ್ ತನಕ ಪೆಟ್ರೋಲಿಗೆ ಲೈಸೆನ್ಸ್ ಬೇಡ. ಲೋಹದ ಪಾತ್ರೆಯಾದರೆ ಇಪ್ಪತ್ತೈದು ಲೀಟರಿಗಿಂತ ದೊಡ್ಡದಿರಬಾರದು, ಮುಚ್ಚಳ ಬಿಗಿ ಇರಬೇಕು. ಪ್ಲಾಸ್ಟಿಕ್ಕಿನ ಮಾತೇ ಅಲ್ಲಿಲ್ಲ. “ಅಂದ್ರೆ ಅವ್ರ್ ತಕಂಡ್ ಹೋದ್ ಕ್ಯಾನ್ ಸರಿ ಇತ್ತ್. ನೀವ್ ಆಮೇಲೆ ಇಟ್ಟದ್ದೇ ತಪ್ಪ್” ಎಂದಳು. ಅಷ್ಟು ಹೇಳಿ ಪುಸ್ತಕ ಮುಚ್ಚಿದಳು. ನನ್ನ ಮುಖ ನೋಡಲಿಲ್ಲ.

ಈಗ ತಮ್ಮ ನೋಟಿಸು. ಹದಿನೈದು ದಿನದೊಳಗೆ ಉತ್ತರ ಕೊಡದಿದ್ದರೆ ಜಿತೇಂದ್ರನ ಲೈಸೆನ್ಸೂ ಗಾಡಿಯ ನೋಂದಣಿಯೂ ರದ್ದು. ಇವತ್ತು ಹದಿನೈದನೇ ದಿನ. ಅವನಿಗೆ ಮುಂದೆ ಬಲೆ ಎಳೆಯುವುದಕ್ಕೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಸ್ಟೇರಿಂಗ್ ಹಿಡಿಯಬಹುದು, ನಿಧಾನಕ್ಕೆ. ಅಂದರೆ ಅವನಿಗೆ ಉಳಿದಿರುವುದು ಆ ಒಂದು ಲೈಸೆನ್ಸ್ ಕಾರ್ಡು. ಉತ್ತರ ಬರೆದು, ಅವನ ಬದಲು ಶರಣ್ಯಾಳೇ ಸಹಿ ಹಾಕಿ, ನಾವಿಬ್ಬರೂ ಬೆಳಿಗ್ಗೆಯೇ ಬಂದೆವು. ತಮ್ಮ ಗುಮಾಸ್ತರು ತಿರುಗಿಸಿ ಮುರುಗಿಸಿ ನೋಡಿದರು.

“ಮಾಲೀಕ್ರ್ ಸೈನ್ ಇಲ್ಲೆ ಅಲ್ದಾ?”

“ಅವ್ರ್ ಎರಡೂ ಕೈ ಸುಟ್ಟಿತ್ ಸರ್. ಬ್ಯಾಂಡೇಜ್ ಬಿಚ್ಚಲಿಲ್ಲೆ” ಎಂದಳು ಶರಣ್ಯಾ.

“ಹಂಗಾರ್ ಹೆಬ್ಬೆಟ್ಟ್ ಒತ್ಸ್ಕಂಡ್ ಬನಿ.”

“ಹೆಬ್ಬೆಟ್ಟ್ ಕೈಯಗೇ ಇಪ್ಪುದಲ್ದಾ ಸರ್? ನಿಮ್ಮ್ ಆಫೀಸಗೆ ಬೇರೆ ಎಲ್ಲಾದ್ರೂ ಇರತ್ತಾ?” ಎಂದೆ ನಾನು.

ಗುಮಾಸ್ತರು ನಗಲಿಲ್ಲ. ಉತ್ತರ ತೆಗೆದುಕೊಳ್ಳಲೂ ಇಲ್ಲ. ಶರಣ್ಯಾ ಆಸ್ಪತ್ರೆಗೆ ಹೋದಳು, ಅವನಿಗೆ ಊಟ ಮಾಡಿಸಬೇಕು. ನಾನು ಕೂತೆ. ಸುಮ್ಮನೆ ಕೂತು ಗೊತ್ತಿಲ್ಲದವ, ಕ್ಯಾನು ಹಿಡಿದ ದಿನದ ಜಪ್ತಿ ಪುಸ್ತಕ ನೋಡಿ ಎಂದು ಗುಮಾಸ್ತರ ಹಿಂದೆ ಬಿದ್ದೆ. ನೋಡಿದರು. “ಆ ದಿನ ಹೆಮ್ಮಾಡಿಯಗೆ ಎಂತದೂ ಜಪ್ತಿ ಆಯ್ಲಿಲ್ಲೆ.” ಸರಿ. ಜಪ್ತಿಯೇ ಆಗದ ಕ್ಯಾನು ಈಗ ಎಲ್ಲಿದೆ ಗೊತ್ತೇ? ನೀರು ಕುಡಿಯಲು ಹಿಂದುಗಡೆ ಹೋದಾಗ ಕಂಡೆ. ತಮ್ಮ ಜನರೇಟರಿನ ಬದಿಯಲ್ಲಿ ಪೆಟ್ರೋಲ್ ತುಂಬಿಸಿಕೊಂಡು ಕೂತಿದೆ. ಅದರ ಮೈಮೇಲೆ ಜಿತೇಂದ್ರ ನೀಲಿ ಬಣ್ಣದಲ್ಲಿ ಬರೆದ ತನ್ನ ಹೆಸರಿನ ಅಕ್ಷರ ಹಾಗೇ ಇದೆ. ಮುಚ್ಚಳ ಇಲ್ಲ, ಬಾಯಿಗೆ ಚಿಂದಿ ಬಟ್ಟೆ ತುರುಕಿದ್ದಾರೆ. ನಾಲ್ಕು ಹೆಜ್ಜೆ ಆಚೆ ತಮಗೆ ಚಹಾ ಕಾಸುವ ಗ್ಯಾಸ್ ಒಲೆ. ಇವತ್ತಿನ ಪೇಪರು ಪಕ್ಕದಲ್ಲಿಟ್ಟು ಫೋಟೊ ತೆಗೆದೆ, ವಿಡಿಯೊ ಕೂಡ. ಒಲೆ ಆರಿಸಿ ಬಂದೆ, ಯಾಕೆಂದರೆ ಚಹಾ ಕಾಸುವ ಹೆಂಗಸು ನನಗೆ ಯಾವ ನೋಟಿಸೂ ಕೊಟ್ಟಿಲ್ಲ.

ಇನ್ನು ನನ್ನ ಬೇಡಿಕೆ. ಡಾಕ್ಟರ ಪತ್ರ ಇಟ್ಟು ಶರಣ್ಯಾ ಸಹಿ ಹಾಕಿದ ಉತ್ತರವನ್ನು ಇವತ್ತೇ ಸ್ವೀಕರಿಸಿ ಸೀಲು ಹೊಡೆಯಿರಿ. ಕ್ಯಾನು ಕಿತ್ತುಕೊಂಡದ್ದನ್ನೂ, ಸೀಟಿನ ಕೆಳಗೆ ಇಡು ಎಂದದ್ದನ್ನೂ ಬರೆದು ಸಹಿ ಹಾಕಿ ಅದರ ಜೊತೆ ಸೇರಿಸಿ. ತಮ್ಮ ಎರಡೂ ಕೈ ಸರಿ ಇವೆ. ಹೆಚ್ಚಿನ ಪೆಟ್ರೋಲನ್ನು ಯಾವುದರಲ್ಲಿ, ಎಷ್ಟು, ಎಲ್ಲಿ ಕಟ್ಟಬೇಕು ಎಂದು ನಮಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಬೋರ್ಡು ಬರೆಸಿ ಹೆಮ್ಮಾಡಿಯಲ್ಲಿ, ನೀವು ಕೈ ಅಡ್ಡ ಹಾಕಿದ ಜಾಗದಲ್ಲೇ, ನೆಡಿ.

ಸಂಜೆ ಐದರೊಳಗೆ ಆಗದಿದ್ದರೆ ಫೋಟೊ, ವಿಡಿಯೊ, ಈ ಪತ್ರ ಮೂರೂ ತಮ್ಮ ಮೇಲಿನವರಿಗೆ ಹೋಗುತ್ತವೆ. ಕೋಡಿಯಿಂದ ಉಪ್ಪುಂದದವರೆಗೆ ಪ್ರತಿ ದಡದಲ್ಲಿ ಇದನ್ನು ಗಟ್ಟಿಯಾಗಿ ಓದಿಸುತ್ತೇನೆ. ಹೆದರಿಸುವುದಲ್ಲ, ಹೇಳಿ ಮಾಡುವುದು. ನನಗೆ ಕ್ಷಮಿಸುವ ಗುಣ ಕಡಿಮೆ, ನನ್ನನ್ನೇ ಕ್ಷಮಿಸಲಿಲ್ಲ. ವಿಚಾರಣೆ ಎಲ್ಲಿ ಇಟ್ಟರೂ ನನ್ನ ತಪ್ಪು ಹೇಳುವುದಕ್ಕೆ ನಾನೇ ಬರುತ್ತೇನೆ. ತಮ್ಮನ್ನು ನನ್ನ ಪಕ್ಕದಲ್ಲಿ ಕೂರಿಸದೆ ಏಳುವುದಿಲ್ಲ.

ಉತ್ತರದ ಕಾಗದವೂ ಈ ಪತ್ರವೂ ತಮ್ಮ ಮೇಜಿನ ಮೇಲೆ, ಚಹಾ ಲೋಟದ ಅಡಿಯಲ್ಲಿರುತ್ತವೆ. “ಹ್ವಾಯ್, ಸಾಹೇಬ್ರ್ ಬಪ್ಪು ತನಕ ಕೂಕಣ್ತಿಲ್ಯಾ?” ಎಂದು ಗುಮಾಸ್ತರು ಕೇಳುತ್ತಿದ್ದಾರೆ. ಇಲ್ಲ, ಕೂರುವುದಿಲ್ಲ. ಸಹಿ ಹಾಕಿ ಏಳುತ್ತೇನೆ, ಹೊರಡುತ್ತೇನೆ, ಬಾಗಿಲು ಎಳೆದುಕೊಳ್ಳುತ್ತೇನೆ.

ಇಂತಿ,
ತಮ್ಮ ಒಂದು ಮಾತನ್ನು ನಂಬಿ ಗೆಳೆಯನಿಗೆ ತಲುಪಿಸಿದವ,
ರಕ್ಷಿತ್, ಉಪ್ಪುಂದ